ಸಾಹೇಬರ ಪಾಯಿಂಟು

ಕೊಳ್ಳೇಗಾಲದಲ್ಲಿ ನಾನು ಬಾಲ್ ಬ್ಯಾಡ್ಮಿಂಟನ್ ಕಲಿತ ಅಂಕಣದಲ್ಲಿ ಆಟ ಸೊನ್ನೆಯಿಂದ ಶುರುವಾಗುತ್ತಿರಲಿಲ್ಲ. ಹಳದಿ ಉಣ್ಣೆಯ ಚೆಂಡು ಇನ್ನೂ ಯಾರ ಬ್ಯಾಟಿಗೂ ತಗುಲಿರುತ್ತಿರಲಿಲ್ಲ, ಅಷ್ಟರಲ್ಲೇ ಒಂದು ಕಡೆಯವರಿಗೆ ಒಂದು ಪಾಯಿಂಟು ಬಂದು ಕೂತಿರುತ್ತಿತ್ತು. ಬಡಗಲ ಕಡೆ ನಿಂತವರಿಗೆ ಅದು ಸಲ್ಲಬೇಕು. ಎಲ್ಲರೂ ಅದನ್ನು ಸಾಹೇಬರ ಪಾಯಿಂಟು ಅನ್ನುತ್ತಿದ್ದರು. ಎತ್ತರದ ಮರದ ಕುರ್ಚಿಯ ಮೇಲೆ ಕೂತು "ಒನ್–ನಿಲ್, ಪ್ಲೇ" ಎಂದು ಕೂಗುತ್ತಿದ್ದವನು ನನ್ನ ಅಪ್ಪ.

ಸಾಹೇಬ ಅಂದರೆ ಬಿಳಿಯ, ಕಾಡಿನ ಅಧಿಕಾರಿ. ಆಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಕೊಯಮತ್ತೂರು ಜಿಲ್ಲೆ, ಬಿಳಿಯರ ನೇರ ಆಳ್ವಿಕೆ. ಬಂಗಲೆಯ ಹಿಂದೆ ಕೆಮ್ಮಣ್ಣು ಹಾಸಿ, ಕಲ್ಲುಗುಂಡು ಎಳೆಸಿ ಟೆನಿಸ್ ಅಂಕಣ ಮಾಡಿಸಿಕೊಂಡಿದ್ದ. ಜೊತೆಗೆ ಆಡಲು ಇನ್ನೊಬ್ಬ ಬಿಳಿಯ ಸಿಗದೆ ಕಚೇರಿಯ ಗುಮಾಸ್ತರನ್ನೇ ಎದುರಿಗೆ ನಿಲ್ಲಿಸಿಕೊಳ್ಳುತ್ತಿದ್ದ. ಬಡಗಲ ಕಡೆ ಹುಣಸೆಮರದ ನೆರಳಿತ್ತು, ಹಾಗಾಗಿ ಅದು ಅವನ ಕಡೆ. ಅವನು ಹೊಡೆದ ಮೊದಲ ಚೆಂಡನ್ನು ಗುಮಾಸ್ತರು ಯಾರೂ ಎತ್ತುತ್ತಿರಲಿಲ್ಲ. ದೊರೆ ಆಟ ಶುರು ಮಾಡುವಾಗ ಎದುರು ಬೀಳಬಾರದು ಅನ್ನುವ ಮರ್ಯಾದೆ. ಪಾಪ, ಆ ಮನುಷ್ಯ ಅದನ್ನು ಕೇಳಿ ಪಡೆದದ್ದೂ ಅಲ್ಲವೇನೋ. ತನ್ನ ದೇಶಕ್ಕೆ ಹಿಂದಿರುಗಿ, ನನ್ನ ಮೊದಲ ಸರ್ವೀಸನ್ನು ಇಂಡಿಯಾದಲ್ಲಿ ಒಬ್ಬನೂ ಎತ್ತಲಿಲ್ಲ ಅಂತ ಜಂಬ ಕೊಚ್ಚಿಕೊಂಡಿರಬೇಕು.

ಅವನು ಹೋದ. ಬಲೆಗೆ ಗೆದ್ದಲು ಹಿಡಿಯಿತು, ಟೆನಿಸ್ ಚೆಂಡುಗಳು ಹರಿದವು. ಊರಿನ ಗಂಡಸರು ಅದೇ ಅಂಕಣದಲ್ಲಿ ಬಾಲ್ ಬ್ಯಾಡ್ಮಿಂಟನ್ ಶುರುಮಾಡಿದರು. ಒಂದು ಕಡೆಗೆ ಐದು ಜನ, ಇಪ್ಪತ್ತೊಂಬತ್ತು ಪಾಯಿಂಟಿಗೆ ಗೇಮು. ಆಟ ನಮ್ಮ ಕಡೆಯದು, ಚೆಂಡು ನಮ್ಮ ಕಡೆಯದು. ಆದರೂ ಸಾಹೇಬ ನಿಲ್ಲುತ್ತಿದ್ದ ಕಡೆಗೆ ಮೊದಲ ಪಾಯಿಂಟು ಕೊಡುವುದನ್ನು ಮಾತ್ರ ಬಿಡಲಿಲ್ಲ. ನಾನು ಲಂಗ ಎತ್ತಿ ಕಟ್ಟಿ ಬ್ಯಾಟು ಹಿಡಿಯುವ ಹೊತ್ತಿಗೆ ಎಂಬತ್ತರ ದಶಕ ಅರ್ಧ ಕಳೆದಿತ್ತು, ಸಾಹೇಬ ಬದುಕಿದ್ದನೋ ಸತ್ತಿದ್ದನೋ ಯಾರಿಗೂ ತಿಳಿಯದು. ಅವನ ಪಾಯಿಂಟು ಮಾತ್ರ ಗಟ್ಟಿಮುಟ್ಟಾಗಿತ್ತು.

ಅಪ್ಪನಿಗೆ ಹಗಲೆಲ್ಲ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕದ ಕೆಲಸ. ಅಲ್ಲಿ ಪಂಚೆ, ಮೊಣಕೈವರೆಗೆ ಮಡಚಿದ ಅಂಗಿ. ಸಂಜೆ ಮನೆಗೆ ಬಂದು ಮುಖ ತೊಳೆದು ಬಿಳಿ ಪ್ಯಾಂಟು ಹಾಕಿದನೆಂದರೆ ಅವನು ಬೇರೆಯೇ ಮನುಷ್ಯ. ನಡಿಗೆ ನೆಟ್ಟಗಾಗುತ್ತಿತ್ತು. ಬಾಯಲ್ಲಿ "ವೆಲ್ ಪ್ಲೇಡ್", "ಬ್ಯಾಡ್ ಲಕ್" ಬರುತ್ತಿದ್ದವು. ಅಂಪೈರಿನ ಮಾತಿಗೆ ಎದುರಾಡಬಾರದು, ಸೋತರೆ ಕೈ ಕುಲುಕಬೇಕು, ಗೆದ್ದರೆ ಕುಣಿಯಬಾರದು. ಇದೆಲ್ಲ ದೊರೆ ಕಲಿಸಿದ್ದು, ದೊರೆ ಕಾಲದ ನ್ಯಾಯ ಅನ್ನುತ್ತಿದ್ದ. ನ್ಯಾಯ ನ್ಯಾಯ ಅಂತ ಅಷ್ಟು ಸಲ ಹೇಳುವವನು ಆಟ ಶುರುವಾಗುವ ಮೊದಲೇ ಒಂದು ಕಡೆಗೆ ಒಂದು ಪಾಯಿಂಟು ಕೊಟ್ಟುಬಿಡುತ್ತಾನಲ್ಲ ಎಂದು ನನಗೆ ಮೈ ಉರಿಯುತ್ತಿತ್ತು.

ನನ್ನ ಉರಿಗೆ ತುಪ್ಪ ಸುರಿಯಲು ಅವ್ವ ಇದ್ದಳು. ಅವಳು ಮಾಂಬಳ್ಳಿಯವಳು, ಯಳಂದೂರಿನ ಸೀಮೆ. ಯಳಂದೂರು ಮೊದಲಿನಿಂದಲೂ ಮೈಸೂರು ಮಹಾರಾಜರದ್ದು. ಬಸ್ಸು ಹತ್ತಿ ಕಡಲೆಕಾಯಿ ತಿಂದು ಮುಗಿಸುವಷ್ಟರಲ್ಲಿ ಬರುವ ಊರು, ಆದರೂ ನಮ್ಮ ಮನೆಯಲ್ಲಿ ಅದು ಪರದೇಶ. ಅಪ್ಪ ಬಿಳಿ ಪ್ಯಾಂಟಿಗೆ ಇಸ್ತ್ರಿ ಮಾಡುತ್ತಿದ್ದರೆ ಅವ್ವ ಒಲೆಯ ಮುಂದಿನಿಂದಲೇ ಶುರುಮಾಡುತ್ತಿದ್ದಳು.

"ನಮ್ ರಾಜ್ರು ಆನೆ ಮ್ಯಾಲೆ ಬರೋರು. ನಿಮ್ ದೊರೆ ಚಡ್ಡಿ ಆಕಂಡು ಚೆಂಡ್ ಇಂದೆ ಓಡೋನು. ಉಂಡೂ ಓದ, ಕೊಂಡೂ ಓದ. ಇನ್ನೂ ಅವ್ನಿಗೆ ದಿನಾ ಸಂಜೆ ಎಡೆ ಇಕ್ತವ್ರೆ ನೋಡಿ!"

"ನಿಮ್ ರಾಜ್ರುಗೆ ರೂಲ್ಸು ಅಂದ್ರೆ ಏನು ಅಂತ ಗೊತ್ತಿತ್ತಾ?" ಅನ್ನುತ್ತಿದ್ದ ಅಪ್ಪ.

ಆ ರೂಲ್ಸಿನ ಕಥೆ ಮೈಸೂರಿನಲ್ಲಿ ಒಮ್ಮೆ ಬಯಲಾಯಿತು. ನಮ್ಮ ಗಂಡಸರ ತಂಡ ಅಲ್ಲಿ ಪಂದ್ಯಕ್ಕೆ ಹೋಗಿತ್ತು, ಅಪ್ಪ ಮ್ಯಾನೇಜರು. ಮೈದಾನಕ್ಕೆ ಇಳಿದವರೇ ಸೂರ್ಯನನ್ನು ನೋಡಿ ಬಡಗಲು ಯಾವುದೆಂದು ಗೊತ್ತುಮಾಡಿಕೊಂಡು, ಟಾಸು ಗೆದ್ದು, ಅಲ್ಲಿ ನಿಂತರಂತೆ. ಮನಸ್ಸಿನಲ್ಲೇ ಒಂದರಿಂದ ಎಣಿಸಿದರಂತೆ. ಹೀಗಾಗಿ ಇಪ್ಪತ್ತೆಂಟಕ್ಕೇ ಬ್ಯಾಟು ಮೇಲಕ್ಕೆಸೆದು ತಬ್ಬಿಕೊಂಡು ಎದುರಾಳಿಗಳ ಕೈ ಕುಲುಕಲು ಹೋದರು. ಯಾಕ್ರೀ, ಆಟ ಬಿಟ್ಟು ಹೋಗ್ತಿದೀರಾ ಅಂತ ಅಲ್ಲಿನ ಅಂಪೈರು ಕೇಳಿದ. ಸಾಹೇಬರ ಪಾಯಿಂಟು ಸೇರಿಸಿ ಅಂದರು ಇವರು. ಯಾವ ಸಾಹೇಬರು ಅಂದ ಅವನು. ನೋಡುತ್ತಿದ್ದ ಜನ ನಕ್ಕ ನಗುವಿಗೆ ನಮ್ಮವರ ಕೈಕಾಲು ಬಿದ್ದುಹೋಗಿ, ಆ ಉಳಿದ ಒಂದು ಪಾಯಿಂಟು ಬರಲೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಾಗಬೇಕಿತ್ತು. ಅಪ್ಪ ಮನೆಗೆ ಬಂದು ಪ್ಯಾಂಟು ಮಡಚಿಡುತ್ತ, "ರೂಲ್ಸ್ ಗೊತ್ತಿಲ್ದ ಜನ" ಅಂದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು.

ಹುಡುಗಿಯರಾದ ನಮಗೆ ಗಂಡಸರು ಬರುವ ಮೊದಲು ಅಂಕಣ ಸಿಗುತ್ತಿತ್ತು. ಕಾಲೇಜಿನ ಐದು ಜನ. ನಾನು ನಾಯಕಿ, ಹಿಂದಿನ ಸಾಲಿನಲ್ಲಿ ಧನಗೆರೆಯಿಂದ ಬರುತ್ತಿದ್ದ ನನ್ನ ಗೆಳತಿ. ಗದ್ದೆ ಕೆಲಸ ಮಾಡಿ ಗಟ್ಟಿಯಾದ ತೋಳು ಅವಳದು, ಅವಳು ಹೊಡೆದರೆ ಚೆಂಡಿನ ಉಣ್ಣೆ ಬಿಚ್ಚಬೇಕು. ನಾವು ನಾವೇ ಆಡುವಾಗ ಸೊನ್ನೆಯಿಂದ ಎಣಿಸುತ್ತಿದ್ದೆವು. ಅಪ್ಪ ಬಂದು ಕುರ್ಚಿ ಹತ್ತಿದ ಕೂಡಲೇ ಒಂದು ಪಾಯಿಂಟು ಎಲ್ಲಿಂದಲೋ ಇಳಿದು ಬರುತ್ತಿತ್ತು.

ಒಂದು ವರ್ಷ ಊರಿನ ಪಂದ್ಯಾವಳಿಯಲ್ಲಿ ಮೊದಲ ಸಲ ಹೆಣ್ಣುಮಕ್ಕಳ ಆಟವನ್ನೂ ಸೇರಿಸಿದರು. ಯಳಂದೂರಿನ ತಂಡ ಬಂತು. ಒಂದೇ ಗೇಮು, ಗೆದ್ದವರಿಗೆ ಬಹುಮಾನದ ಕಪ್ಪು. ಆತಿಥೇಯರು ಬಡಗಲ ಕಡೆ ನಿಲ್ಲುವುದು ರೂಢಿ, ಹಾಗಾಗಿ ಸಾಹೇಬರ ಪಾಯಿಂಟು ನಮಗೆ. ಆ ಪಾಯಿಂಟು ನನಗೆ ಬೇಡ ಅಂತ ನಾನು ಹಿಂದಿನ ದಿನವೇ ತೀರ್ಮಾನಿಸಿದ್ದೆ. ಆಡದೆ ಬಂದದ್ದನ್ನು ತೆಗೆದುಕೊಂಡು ಗೆದ್ದರೆ, ಅವ್ವನ ಊರಿನವರ ಎದುರು ನಾನು ತಲೆ ಎತ್ತುವುದು ಹೇಗೆ? ಗೆದ್ದವಳು ನಾನೋ ಆ ಸಾಹೇಬನೋ? ತಂಡದವರಿಗೆ ಹೇಳಿದೆ. ಯಳಂದೂರಿನವರಿಗೆ ಬ್ಯಾಟು ಹಿಡಿಯಲೂ ಬರುವುದಿಲ್ಲ ಅಂದುಕೊಂಡಿದ್ದ ಅವರೆಲ್ಲ, "ಒಂದ್ ಪಾಯಿಂಟ್ ತಾನೆ, ಬಿಸಾಕು ಅತ್ಲಾಗೆ" ಅಂದರು.

ಕುರ್ಚಿಯ ಪಕ್ಕದಲ್ಲಿ ಪಾಯಿಂಟು ಬರೆಯುವ ಕಪ್ಪು ಹಲಗೆ ಇರುತ್ತಿತ್ತು. ಅಪ್ಪ "ಒನ್–ನಿಲ್" ಅಂದ, ಹಲಗೆಯ ಮೇಲೆ ಒಂದು ಬಿತ್ತು. ನಾನು ಅಂಕಣ ದಾಟಿ ಹೋಗಿ ಅಂಗೈಯಲ್ಲಿ ಅದನ್ನು ಒರೆಸಿಬಿಟ್ಟೆ.

ಅಪ್ಪ ಮೇಲಿನಿಂದ ನನ್ನನ್ನು ನೋಡಿದ. ಮಗಳನ್ನು ನೋಡುವ ನೋಟವಲ್ಲ ಅದು.

"ಕ್ಯಾಪ್ಟನ್, ಬೋರ್ಡ್ ಮುಟ್ಟೋ ಅಂಗಿಲ್ಲ."

"ಆ ಪಾಯಿಂಟ್ ನಮ್ದಲ್ಲ ಸಾ. ನಾವ್ ಆಡಿ ತಕಂಡಿಲ್ಲ" ಅಂದೆ. ಅಂಕಣದಲ್ಲಿ ಅಪ್ಪನನ್ನು ಸಾ ಅಂತಲೇ ಕರೆಯಬೇಕಿತ್ತು.

ಯಳಂದೂರಿನಿಂದ ಬಂದಿದ್ದ ಗಂಡಸರು ಶಿಳ್ಳೆ ಹೊಡೆದರು. ಪಂದ್ಯ ನಡೆಸುತ್ತಿದ್ದ ನಿವೃತ್ತ ಹೆಡ್ಮಾಸ್ತರರು ಎದ್ದು ನಿಂತು, ಬೇಡ ಅನ್ನುವವರಿಗೆ ಬಲವಂತವಾಗಿ ಬಡಿಸುವುದು ಯಾಕೆ, ಈ ಒಂದು ಆಟಕ್ಕೆ ಬಿಟ್ಟುಬಿಡಿ ಅಂದರು. ಅಪ್ಪ ಕೊನೆಗೆ ಬಿಸಿ ಮುದ್ದೆ ನುಂಗಿದವನ ಹಾಗೆ, "ನಿಲ್–ಆಲ್, ಪ್ಲೇ" ಅಂದ.

ಯಳಂದೂರಿನ ಹುಡುಗಿಯರಿಗೆ ಬ್ಯಾಟು ಹಿಡಿಯಲು ಚೆನ್ನಾಗಿಯೇ ಬರುತ್ತಿತ್ತು. ಬಡಿದಾಡಿದೆವು. ಇಪ್ಪತ್ತೆಂಟಕ್ಕೆ ನಾವು ಮೊದಲು ಮುಟ್ಟಿದೆವು, ಅವರಿನ್ನೂ ಇಪ್ಪತ್ತಾರರಲ್ಲಿದ್ದರು. ಬೇಲಿಯ ಪಕ್ಕದಲ್ಲಿ ಯಾರೋ ಗಟ್ಟಿಯಾಗಿಯೇ ಅಂದರು: "ಸಾಹೇಬ್ರ ಪಾಯಿಂಟ್ ಇದ್ದಿದ್ರೆ ಇಷ್ಟೊತ್ಗೆ ಗೆದ್ದು ಮನೆಗೋಗಿರೋರು." ಆ ಮಾತು ನನ್ನ ಗೆಳತಿಯ ಕಿವಿಗೆ ಬಿದ್ದದ್ದು ನನಗೆ ಕಾಣಿಸಿತು. ಮುಂದಿನ ಚೆಂಡು ಅವಳ ಬ್ಯಾಟಿನ ಅಂಚಿಗೆ ತಗುಲಿ ಆಚೆ ಹೋಯಿತು. ಅದರ ಮುಂದಿನದು ಬಲೆಗೆ. ಕೊನೆಯದನ್ನು ನಾನೇ ಬಿಟ್ಟೆ, ಗೆರೆಯಾಚೆ ಬೀಳುತ್ತದೆ ಅಂತ. ಅದು ಗೆರೆಯ ಮೇಲೆಯೇ ಬಿತ್ತು. ಅಪ್ಪ ಕ್ಷಣವೂ ತಡಮಾಡದೆ "ಗೇಮ್, ಯಳಂದೂರು" ಅಂದ.

ಗೆಳತಿ ಬ್ಯಾಟು ಕೆಳಗೆ ಹಾಕಿ ಅತ್ತಳು. "ನಿನ್ ಒಂದ್ ಪಾಯಿಂಟಿಗೆ ಐದ್ ಜನದ ಕಪ್ಪು ಓಯ್ತು ಕಣೇ" ಅಂದಳು. ಹೋಗಲಿ, ನೀನೇ ಬಿಸಾಕು ಅಂದದ್ದಲ್ಲವಾ ಅಂದೆ. ಅವಳು ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ಅವಳೇ ಚೆಂಡು ತಂದಳು. ನಾನು ಆವತ್ತೂ ಕ್ಷಮಿಸು ಅನ್ನಲಿಲ್ಲ, ಇವತ್ತೂ ಅನ್ನುವುದಿಲ್ಲ. ಕಪ್ಪು ಬೇಕಿತ್ತು, ತುಂಬಾ ಬೇಕಿತ್ತು. ಆದರೆ ಭಿಕ್ಷೆಯಾಗಿ ಬೇಡವಾಗಿತ್ತು. ಅಂದು ಸಂಜೆ ಅಂಗೈಯ ಸೀಮೆಸುಣ್ಣ ತೊಳೆಯುವಾಗ ನನಗೆ ಸೋತವಳ ಹಾಗೆ ಅನ್ನಿಸಲೇ ಇಲ್ಲ.

ಮನೆಯಲ್ಲಿ ಅಪ್ಪ ತಟ್ಟೆಯ ಮುಂದೆ ಕೂತು ಅನ್ನ ಕಲೆಸುತ್ತಿದ್ದ, ಬಾಯಿಗೆ ಇಡುತ್ತಿರಲಿಲ್ಲ. ಅವ್ವ ತನ್ನ ಊರು ಗೆದ್ದ ಖುಷಿಯನ್ನು ಮುಚ್ಚಿಡಲಾರದೆ ಪಾತ್ರೆ ಸದ್ದು ಮಾಡುತ್ತಿದ್ದಳು.

"ನನ್ ಮಾನ ತೆಗ್ದೆ ಕಣವ್ವ" ಅಂದ ಅಪ್ಪ.

"ನಿನ್ ಮಾನ ಯಾಕೋಗುತ್ತೆ? ಸಾಹೇಬನ್ದು ಓಯ್ತು."

ಅಪ್ಪ ತಲೆ ಎತ್ತಿದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. "ನಮ್ ಬೀದಿಯೋರ್ನ ಮೇಗಳ ಬೀದಿ ಜಗ್ಲಿ ಮ್ಯಾಲೆ ಕೂರುಸ್ತಿರ್ಲಿಲ್ಲ, ಗೊತ್ತಾ ನಿಂಗೆ? ಅಂಕಣದಲ್ಲಿ ಗುಂಡು ಎಳ್ಯಕ್ ಓದೋನು ನಾನು, ಮೀಸೆ ಚಿಗುರ್ತಿತ್ತು. ಆ ಮನ್ಸ ಕರ್ದು, ಆ ಕುರ್ಚಿ ಅತ್ತಿ ಕೂತ್ಕೊ ಅಂದ. ಚೆಂಡು ಒಳೀಕ್ ಬಿತ್ತಾ ಆಚೀಕ್ ಬಿತ್ತಾ ನೋಡಿ ಏಳು ಅಂದ. ನಾನು ಔಟ್ ಅಂದ್ರೆ ಮೇಗಳ ಬೀದಿ ಗುಮಾಸ್ತ ಬಾಯ್ ಮುಚ್ಕಂಡು ಓಯ್ತಿದ್ದ. ತಲೆ ಎತ್ತಿ ನನ್ನ ನೋಡ್ಬೇಕಾಗಿತ್ತು ಅವ್ರು. ನಿಮ್ಮವ್ವನ ರಾಜ್ರು ಕೂರ್ಸಿದ್ರಾ ನನ್ನ? ಅವ್ನು ಕೂರ್ಸುದ ಕಣವ್ವ."

ಅವ್ವನ ಪಾತ್ರೆಗಳ ಸದ್ದು ನಿಂತಿತು. ಆ ಮಾತು ನನಗೂ ತಟ್ಟಿತು, ಸುಳ್ಳು ಹೇಳುವುದಿಲ್ಲ. ಊರಿನ ಯಾವ ದೊಡ್ಡ ಮನುಷ್ಯನೂ ಕೊಡದ ಎತ್ತರವನ್ನು ಪರದೇಶದವನೊಬ್ಬ ಕೊಟ್ಟಿದ್ದ. ಅದನ್ನು ನಮ್ಮವರೇ ಕೊಡಬೇಕಿತ್ತು, ಕೊಡಲಿಲ್ಲ. ಆ ಸಿಟ್ಟು ನನಗೆ ಇಂದಿಗೂ ಇದೆ, ಸಾಹೇಬನ ಮೇಲಿನ ಸಿಟ್ಟಿಗಿಂತ ಒಂದು ಕೈ ಹೆಚ್ಚು. ಆದರೂ ನಾನು ನನ್ನಪ್ಪನ ಮಗಳೇ. ಸುಮ್ಮನಾಗಲಿಲ್ಲ.

"ಕುರ್ಚಿ ನಿಂದೇ ಕಣಪ್ಪ, ಅದ್ನ ಯಾರೂ ಕಿತ್ಕಳಲ್ಲ. ಒಂದ್ ಮಾತು ಏಳು. ಅವ್ನ ಮೊದಲ್ನೇ ಚೆಂಡು ಆಚೀಕ್ ಬಿದ್ದಾಗ, ಒಂದ್ ದಿನಾದ್ರೂ ಔಟ್ ಅಂದಿದ್ದೀಯಾ?"

ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ. ಮರುದಿನ ಸಂಜೆ ಗಂಡಸರ ಆಟಕ್ಕೆ ಮತ್ತೆ "ಒನ್–ನಿಲ್" ಅಂದ, ಇಡೀ ಬೀದಿಗೆ ಕೇಳಿಸುವ ಹಾಗೆ.

ಮುಂದೆ ನಾನು ಪಿ.ಟಿ. ಟೀಚರಾಗಿ ಹನೂರಿಗೆ ಹೋದೆ. ಶಾಲೆಯ ಬಯಲೆಲ್ಲ ಕಲ್ಲು. ಹುಡುಗಿಯರ ಕೈಲೇ ಆಯಿಸಿ, ಸಗಣಿ ನೀರು ಹಾಕಿ ಬಡಿಸಿ, ಅಂಕಣ ಮಾಡಿದೆ. ಕಾಡಿನಂಚಿನ ಹಳ್ಳಿಗಳ ಮಕ್ಕಳು, ಅರ್ಧ ಮಾತು ಕನ್ನಡ, ಅರ್ಧ ತಮಿಳು. ಆಟದ ಬಿಸಿಯೇರಿದರೆ "ಹೊಡಿ" ಅನ್ನುವುದು ಮರೆತು ತಮಿಳಿನಲ್ಲಿ "ಅಡಿ, ಅಡಿ" ಅಂತ ಕೂಗುತ್ತಿದ್ದರು. ಒಡೆಯರಪಾಳ್ಯದ ಟಿಬೆಟಿನ ಹುಡುಗಿಯರೂ ಆಗಾಗ ಬಂದು ಆಡಿ, ಚೆನ್ನಾಗಿ ಸೋಲಿಸಿ ಹೋಗುತ್ತಿದ್ದರು. ಆ ಅಂಕಣದಲ್ಲಿ ಬಡಗಲಿಗೂ ತೆಂಕಲಿಗೂ ಸೊನ್ನೆಯೇ. ನಾನು ಮಾಡಿದ ರೂಲ್ಸು ಅದೊಂದೇ.

ರಜೆಗೆ ಮನೆಗೆ ಹೋದಾಗ ಅಪ್ಪ ಕೇಳುತ್ತಿದ್ದ: "ನಿನ್ ಉಡ್ಗೀರು ಎಂಗಾಡ್ತವೆ?" "ಬಂದು ನೋಡು" ಅನ್ನುತ್ತಿದ್ದೆ. ಹನೂರಿಗೆ ಅವನು ಬರಲೇ ಇಲ್ಲ. ಸಾಹೇಬರ ಪಾಯಿಂಟು ಇಲ್ಲದ ಅಂಕಣಕ್ಕೆ ಏನಂತ ಬರಬೇಕು, ಮೊಂಡು ಮುದುಕ. ಕೊನೆಗೆ ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾದ ಮೇಲೆ ನಾನೇ ನನ್ನ ತಂಡವನ್ನು ಬಸ್ಸು ಹತ್ತಿಸಿಕೊಂಡು ಕೊಳ್ಳೇಗಾಲದ ಪಂದ್ಯಕ್ಕೆ ಕರೆತಂದೆ.

ಹುಣಸೆಮರ ಹಾಗೆಯೇ ಇತ್ತು. ಅಪ್ಪನಿಗೆ ಎಪ್ಪತ್ತು ದಾಟಿ ವರ್ಷಗಳಾಗಿದ್ದವು. ಬಿಳಿ ಪ್ಯಾಂಟು ಸೊಂಟದಲ್ಲಿ ಸಡಿಲವಾಗಿ ಹುರಿಯಲ್ಲಿ ಕಟ್ಟಿಕೊಂಡಿದ್ದ. ಕುರ್ಚಿ ಹತ್ತಲು ಇಬ್ಬರು ಕೈಕೊಡಬೇಕಾಯಿತು. ಹತ್ತಿ ಕೂತ ಮೇಲೆ ಮಾತ್ರ ಬೆನ್ನು ನೆಟ್ಟಗೆ. ಕೊಳ್ಳೇಗಾಲದ ಹುಡುಗಿಯರು ಬಡಗಲ ಕಡೆ ನಿಂತರು, ನಮ್ಮವರು ಬಿಸಿಲಿಗೆ.

"ಒನ್–ನಿಲ್" ಅಂದ ಅಪ್ಪ.

"ಸೊನ್ನೆಯಿಂದ ಶುರು ಮಾಡಿ ಸಾ!" ಬೇಲಿಯಿಂದಲೇ ಕೂಗಿದೆ. ನನಗೂ ವಯಸ್ಸಾಗಿತ್ತು, ಬುದ್ಧಿ ಬಂದಿರಲಿಲ್ಲ.

"ಕೋಚು ಗೆರೆಯಿಂದ ಆಚೀಕ್ ನಿಂತ್ಕಳಿ" ಅಂದ, ನನ್ನ ಕಡೆ ತಿರುಗದೆ.

ಹಲಗೆಯ ಕಡೆಗೆ ನನ್ನ ಕಾಲು ಎದ್ದಿತ್ತು. ನಮ್ಮ ನಾಯಕಿ ಓಡಿ ಬಂದು ತಡೆದಳು. ದನ ಮೇಯಿಸುವ ಮನೆಯ ಹುಡುಗಿ, ಕಡ್ಡಿಯಂಥ ಕಾಲು. "ಬುಡಿ ಮಿಸ್, ಆ ಒಂದ ಅವ್ರೇ ಮಡೀಕಳ್ಳಿ. ನಾವು ಆಡಿ ತಕತೀವಿ" ಅಂದಳು. ನಾನು ಬೇಲಿಗೆ ವಾಪಸು ಬಂದು ಕೈಕಟ್ಟಿ ನಿಂತೆ.

ಆಡಿಯೇ ತೆಗೆದುಕೊಂಡರು. ಮೊದಮೊದಲು ಬಿಸಿಲು ಕಣ್ಣಿಗೆ ಹೊಡೆದು ತಡವರಿಸಿದರು. ಆಮೇಲೆ "ಅಡಿ, ಅಡಿ" ಶುರುವಾಯಿತು. ಊರಿನವರು ಯಾವ ಭಾಷೆ ಇದು ಅಂತ ನಗುತ್ತಿದ್ದವರು ಇಪ್ಪತ್ತು ದಾಟುವಷ್ಟರಲ್ಲಿ ನಗು ನಿಲ್ಲಿಸಿದರು. ಇಪ್ಪತ್ತೊಂಬತ್ತು ನಮ್ಮದು, ಅವರದು ಇಪ್ಪತ್ತೆಂಟು. ಅದರಲ್ಲಿ ಆಡಿದ್ದು ಇಪ್ಪತ್ತೇಳೇ. ನಾನು ಸಭ್ಯತೆ ಮರೆತು ಶಿಳ್ಳೆ ಹೊಡೆದೆ. ಗೆದ್ದರೆ ಕುಣಿಯಬಾರದೆಂದು ದೊರೆ ಕಲಿಸಿದ್ದನ್ನು ನನ್ನ ಮಕ್ಕಳಿಗೆ ನಾನು ಕಲಿಸಿರಲಿಲ್ಲ. ಅವರು ಅಂಕಣದ ನಡುವೆಯೇ ಕುಣಿದರು.

ಜನ ಕರಗಿದ ಮೇಲೆ ಅಪ್ಪನನ್ನು ಕುರ್ಚಿಯಿಂದ ಇಳಿಸಿಕೊಂಡೆ. ಅವನ ಭಾರ ನನ್ನ ತೋಳಿನ ಮೇಲೆ ಏನೂ ಅನ್ನಿಸಲಿಲ್ಲ. ಹುಡುಗಿಯರು ಬಂದು ಸುತ್ತ ನಿಂತರು. ಅಪ್ಪ ಒಬ್ಬೊಬ್ಬರ ಕೈಯನ್ನೂ ಕುಲುಕಿದ.

"ಆರ್ ಜನನ ಸೋಲ್ಸುದ್ರಲ್ಲ ಕಣ್ರವ್ವ" ಅಂದ.

"ಆರು ಅಲ್ಲ ತಾತ, ಐದು" ಅಂದಳು ನಾಯಕಿ.

"ಸಾಹೇಬ್ರನ್ನೂ ಸೇರ್ಸಿ."

ಅವರಿಗೆ ಅರ್ಥವಾಯಿತೋ ಇಲ್ಲವೋ, ನಕ್ಕು ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು. ನಾವಿಬ್ಬರು ಹಿಂದೆ ನಿಧಾನ ನಡೆದೆವು. ಹುಣಸೆಮರ ದಾಟಿದ ಮೇಲೆ ಅಪ್ಪ ನಿಂತ.

"ಆವತ್ತು ಕೇಳಿದ್ದೆಯಲ್ಲ ನೀನು. ಮೊದಲ್ನೇ ಚೆಂಡು." ಉಸಿರು ಎಳೆದುಕೊಂಡ. "ಬೋ ಸಲ ಆಚೀಕೇ ಬೀಳ್ತಿತ್ತು ಕಣವ್ವ. ನಾನು ಬಾಯ್ ಬುಡ್ತಿರ್ಲಿಲ್ಲ."

ಹದಿನೇಳು ವರ್ಷ ಕಾದಿದ್ದ ಉತ್ತರ. ಗೆದ್ದೆ ಅಂತ ಕುಣಿಯಬೇಕಿತ್ತು, ಕಣ್ಣು ತುಂಬಿಕೊಂಡಿತು.

"ಮತ್ತೆ ಇನ್ನೂ ಯಾಕಪ್ಪ ಕೊಡ್ತೀಯ ಅವ್ನಿಗೆ? ಎಬ್ಬುಸಿ ಕಳ್ಸು ಇನ್ನ. ಆಡಿದ್ದು ಸಾಕು."

"ಕೂರ್ಸಿದ್ನಲ್ಲವ್ವ" ಅಂದ. ಸ್ವಲ್ಪ ನಡೆದು ಮತ್ತೆ ಅಂದ: "ನಾನ್ ಇರೋಗಂಟ ಆಡ್ಲಿ ಬುಡು."

"ಆಡ್ಲಿ" ಅಂದೆ. "ಸೋಲ್ತಾ ಇರ್ಲಿ."